ಪ್ಲಿಂತ್ ಎಷ್ಟ ಎತ್ತರ ಇಡೂದು?

ಹೊಸ ಮನಿ ಕಟ್ಟಲಾಕತ್ತೀವಿ ಅಂದಕೂಡ್ಲೆ ನಮ್ಮ ಹೆಣ್ಮಕ್ಕಳು ಕೇಳೂದು ಅಡಗಿ ಮನಿ ಯಾವ ದಿಕ್ಕಿಗೆ, ದೇವರ ಮನಿ ಎಲ್ಲಿ, ಟೈಲ್ಸ್ ಯಾವ ಬಣ್ಣ ಅಂತ. ನೆಲದಿಂದ ಮನಿ ಎಷ್ಟ ಎತ್ತರ ಇರಬೇಕು ಅನ್ನೂದನ್ನ ಗಂಡಸರು, ಗೌಂಡಿ ಕೂಡಿ ನಿಂತ ನಿಂತಲ್ಲೇ ಮಾತಾಡಿ ಮುಗಸತಾರ. ಟೈಲ್ಸ್ ಹತ್ತು ವರ್ಷಕ್ಕ ಬದಲಿ ಮಾಡಬಹುದು. ಈ ಎತ್ತರ ಒಮ್ಮೆ ಹಾಕಿದ ಮ್ಯಾಲ ಬದಲಿ ಮಾಡಾಕ ಬರೂದಿಲ್ಲ. ಒಳಗ ನೀರು ಬಂದ್ರ ಬಳಿಯೂದು ನಾವು, ಕೊಡಾ ಹಿಡಕೊಂಡು ಮೆಟ್ಟಲಾ ಹತ್ತೂದೂ ನಾವು. ಅದಕ್ಕ ಇದನ್ನ ಬರೀಲಾಕತ್ತೀನಿ.

ನಮ್ದು ವಿಜಯಪುರ ಊರ ಹೊರಗಿನ ಹೊಸ ಬಡಾವಣ್ಯಾಗ 30×40ರ ಸೈಟು. ಗೌಂಡಿ "ಒಂದೂವರಿ ಅಡಿ ಸಾಕ್ರಿ" ಅಂದ. ನಮ್ಮ ಮಾವನವರು "ಮೂರ ಅಡಿ ಬೇಕು" ಅಂದ್ರು. ನಮ್ಮ ಅತ್ತಿಯವರು, "ನನ್ನ ಮೊಣಕಾಲ ನೋಡ್ರಿ, ಎರಡ ಮೆಟ್ಟಲಕಿಂತ ಹೆಚ್ಚ ಮಾಡಿದ್ರ ನಾ ಹೊರಗ ಬರೂದ ಬಿಡತೀನಿ" ಅಂದ್ರು. ಮೂವರ ಮಾತೂ ಖರೇನ. ಯಾರ ಮಾತು ಹಿಡೀಬೇಕು ಅಂತ ಒಂದ ವಾರ ಮನ್ಯಾಗ ಇದ ನಡೀತು.

ನಮ್ಮ ಹಿರ್‍ಯಾರಿಗೆ ಇದು ತಿಳಿದಿತ್ತು. ಹಳೀ ಮಾಳಿಗಿ ಮನ್ಯಾಗ ದನ ಕಟ್ಟೂ ಜಾಗ ಕೆಳಗ, ಪಡಸಾಲಿ ಮ್ಯಾಲ. ಇಬ್ರಾಹಿಂ ರೋಜಾಕ್ಕ ಹೋದಾಗ ನೋಡ್ರಿ, ಗೋರಿ, ಮಸೂತಿ ಎರಡೂ ಒಂದ ಎತ್ತರದ ಕಟ್ಟಿ ಮ್ಯಾಲ ನಿಂತಾವು. "ನಮ್ಮ ಕಡೆ ಮಳೀನ ಇಲ್ಲ, ಎತ್ತರ ಯಾಕ?" ಅಂತಾರ ಕೆಲವರು. ವರ್ಷಕ್ಕ ಸುಮಾರು 600 ಮಿಲಿಮೀಟರ್ ಮಳಿ ಅನ್ನೂದು ಖರೆ, ಆದ್ರ ಅದು ಸಾವಕಾಶ ಬರೂದಿಲ್ಲ, ಸೆಪ್ಟೆಂಬರದಾಗ ಒಮ್ಮಿಗ್ಲೆ ಸುರೀತೈತಿ. 2009ರ ಸೆಪ್ಟೆಂಬರ್ ಕೊನಿ, ಅಕ್ಟೋಬರ್ ಸುರುವಿನ ಮಳಿ ಯಾರು ಮರತೀರಿ? ಮಣ್ಣಿನ ಗ್ವಾಡಿ ಬುಡದಾಗ ನೆನದು ಕುಸದವು.

ಬಬಲೇಶ್ವರದಾಗ ನಮ್ಮ ಅಕ್ಕನ ಮನಿ ಐತಿ. ಕಟ್ಟಿದಾಗ ಮೂರ ಮೆಟ್ಟಲಾ ಇದ್ದವು. ಹಳೀ ರಸ್ತಾ ಕೀಳದ ಅದರ ಮ್ಯಾಲ ಒಮ್ಮೆ ಡಾಂಬರ, ಆಮ್ಯಾಲ ಕಾಂಕ್ರೀಟ ಹಾಕಿದ್ರು. ಈಗ ಉಳದದ್ದು ಒಂದ ಮೆಟ್ಟಲಾ. ಮನಿ ಕೆಳಗ ಇಳದಿಲ್ಲ, ರಸ್ತಾ ಮ್ಯಾಲ ಬಂದೈತಿ. ಜೋರ ಮಳಿ ಬಂದ್ರ ಓಣಿ ನೀರು ಅಂಗಳಕ್ಕ, ಅಂಗಳದಿಂದ ಪಡಸಾಲಿಗೆ. ಬಾಗಲಾಗ ಒಂಬತ್ತ ಇಂಚಿನ ಅಡ್ಡಗಟ್ಟಿ ಕಟ್ಟಿಸ್ಯಾರ. ವಯಸ್ಸಾದವ್ರಿಗೆ ಅದನ್ನ ದಾಟೂದು ಮೆಟ್ಟಲಾ ಹತ್ತೂದಕಿಂತ ತ್ರಾಸ.

ಸರ್ಕಾರದ ರಾಷ್ಟ್ರೀಯ ಕಟ್ಟಡ ಸಂಹಿತೆ ಒಳಗ, ಪ್ಲಿಂತ್ ಸುತ್ತಲಿನ ನೆಲಕಿಂತ 45 ಸೆಂಟಿಮೀಟರಕಿಂತ ಕಡಿಮಿ ಇರಬಾರದು ಅಂತ ಐತಿ. ಅಂದ್ರ ಒಂದೂವರಿ ಅಡಿ. ಗೌಂಡಿ ಹೇಳಿದ್ದು ಇದನ್ನ. ಆದ್ರ ಇದು ಕಡಿಮಿ ಅಂದ್ರ ಇಷ್ಟು ಅನ್ನೂ ಲೆಕ್ಕ, ಇಷ್ಟ ಸಾಕು ಅನ್ನೂ ಲೆಕ್ಕ ಅಲ್ಲ.

ಮುಖ್ಯ ಪ್ರಶ್ನೆ ಎಷ್ಟು ಅನ್ನೂದಲ್ಲ, ಎಲ್ಲಿಂದ ಅನ್ನೂದು. ನಮ್ಮ ಸೈಟು ರಸ್ತಾಕಿಂತ ಒಂಬತ್ತ ಇಂಚು ತಗ್ಗ ಐತಿ. ಗೌಂಡಿಯ ಹದಿನೆಂಟ ಇಂಚು ಸೈಟಿನ ನೆಲದಿಂದ. ಅಂದ್ರ ರಸ್ತಾಕಿಂತ ಬರೇ ಒಂಬತ್ತ ಇಂಚು ಎತ್ತರ. ಆರಾರ ಇಂಚಿನ ಎರಡ ಥರ ರಸ್ತಾ ಬಿದ್ರ ಮನಿ ರಸ್ತಾಕಿಂತ ಮೂರ ಇಂಚು ಕೆಳಗ. ಮಾವನವರ ಮೂರ ಅಡಿನೂ ಸೈಟಿನ ನೆಲದಿಂದನ. ಅತ್ತಿಯವರ ಎರಡ ಮೆಟ್ಟಲಾ ಅಂಗಳದಿಂದ. ಮೂರೂ ಮಂದಿ ಬ್ಯಾರೆ ಬ್ಯಾರೆ ಕಡೆಯಿಂದ ಎಣಸಿ ಜಗಳಾಡಲಾಕತ್ತಿದ್ರು.

ಕಡೀಕೆ ರಸ್ತಾದ ನಡುವಿನ ಎತ್ತರದಿಂದ ಎರಡ ಅಡಿ ಅಂತ ಮಾಡಿದ್ವಿ. ಸೈಟಿನ ನೆಲದಿಂದ ಅದು ಎರಡೂಮುಕ್ಕಾಲ ಅಡಿ ಆಗತೈತಿ, ಮಾವನವರಿಗೆ ಸಮಾಧಾನ. ಅಂಗಳಾನೂ ತುಂಬಿಸಿ ರಸ್ತಾಕಿಂತ ಮೂರ ಇಂಚು ಮ್ಯಾಲ ತರತೀವಿ. ಹಂಗ ಮಾಡಿದ್ರ ಅಂಗಳದಿಂದ ಬಾಗಲಕ್ಕ ಉಳಿಯೂದು ಇಪ್ಪತ್ತೊಂದ ಇಂಚು. ನಾಕ ಮೆಟ್ಟಲಾ, ಒಂದೊಂದು ಐದಕಿಂತ ತುಸು ಹೆಚ್ಚ ಇಂಚು, ಕಾಲಿಡೂ ಜಾಗ ಒಂದ ಅಡಿ, ಪಕ್ಕಕ್ಕ ಹಿಡಕೊಳ್ಳಾಕ ಕಬ್ಬಣದ ಪೈಪು. ಎತ್ತರದ ಎರಡ ಮೆಟ್ಟಲಕಿಂತ ತಗ್ಗಿನ ನಾಕ ಮೆಟ್ಟಲಾ ಮೊಣಕಾಲಿಗೆ ಹಗೂರ. ಮುಂದ ಗಾಲಿ ಕುರ್ಚಿ ಬೇಕಾದ್ರ ಒಂದ ಅಡಿ ಎತ್ತರಕ್ಕ ಹನ್ನೆರಡ ಅಡಿ ಉದ್ದದ ಇಳಿಜಾರು ಬೇಕು. ಇಪ್ಪತ್ತೊಂದ ಇಂಚಿಗೆ ಇಪ್ಪತ್ತೊಂದ ಅಡಿ. ಅಂಗಳದಿಂದ ಮೂರ ಅಡಿ ಎತ್ತರ ಮಾಡಿದ್ರ ಮೂವತ್ತಾರ ಅಡಿ ಬೇಕಾಗತಿತ್ತು, ನಮ್ಮ ಸೈಟಿನ್ಯಾಗ ಕೂಡೂದಿಲ್ಲ. ಅದಕ್ಕ ಪಕ್ಕಕ್ಕ ಅಷ್ಟ ಜಾಗ ಈಗಲೇ ಖಾಲಿ ಬಿಟ್ಟೀವಿ.

ಟಿಕೋಟಾದ ನಮ್ಮ ವೈನಿ ತ್ವಾಟದಾಗ ಮನಿ ಕಟ್ಟವ್ರ ಅದಾರ. ಅವರದು ಬ್ಯಾರೆ ಲೆಕ್ಕ. ಅಲ್ಲಿ ಎರಿ ಮಣ್ಣು. ಎರಿ ನೀರ ಕುಡದ್ರ ಉಬ್ಬತೈತಿ, ಬ್ಯಾಸಗ್ಯಾಗ ಬಿರೀತೈತಿ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಈ ಭಾಗಕ್ಕ ಕೃಷ್ಣಾ ನೀರು ಬಂದೈತಿ, ದ್ರಾಕ್ಷಿ ಪಡಕ್ಕ ನೀರ ಬಿಡತಾರ. ಮನಿ ಬಾಜೂಕ ಒಂದ ಕಡೆ ಹಸಿ, ಒಂದ ಕಡೆ ಒಣಾ ಇದ್ರ ಗ್ವಾಡಿ ಸೀಳತೈತಿ. ಅಲ್ಲೇ ಬಿದ್ದ ಎರಿ ಮಣ್ಣನ್ನ ಪ್ಲಿಂತ್ ಒಳಗ ತುಂಬಿದ್ರ ರೊಕ್ಕ ಉಳೀತೈತಿ, ಆದ್ರ ನಾಳೆ ಫರಸಿ ಎದ್ದು ಕೂಡತಾವು. ಗರಸ ಹಾಕಿಸ್ರಿ. ಆರ ಇಂಚಿನ ಥರ ಹಾಕಿ, ನೀರ ಹೊಡದು, ದಮ್ಮಸ ಮಾಡಿ ಮ್ಯಾಲಿನ ಥರ ಹಾಕಬೇಕು. ಪಾಯಾ ಎರಿ ದಾಟಿ ಗಟ್ಟಿ ಗರಸಿನ ತನಕ ಹೋಗಬೇಕು. ಪ್ಲಿಂತ್ ಎಷ್ಟ ಎತ್ತರ ಮಾಡಿದ್ರೂ ಪಾಯಾದ ಕೆಲಸ ಅದು ಮಾಡೂದಿಲ್ಲ. ಮನಿ ಸುತ್ತಲೂ ಮೂರ ಅಡಿ ಅಗಲ ಫರಸಿ ಹಾಕಿ ಹೊರಗ ಒಂದ ಇಂಚು ಇಳಿಜಾರ ಕೊಟ್ರ ಮಳಿ ನೀರು ಬುಡದಾಗ ಇಂಗೂದಿಲ್ಲ.

ಖರ್ಚು ಹಿಂಗ ಎಣಸ್ರಿ. ಮನಿ 25×30 ಅಂದ್ರ 750 ಚದರ ಅಡಿ. ಒಂದ ಅಡಿ ಎತ್ತರಕ್ಕ 750 ಘನ ಅಡಿ, ಅಂದ್ರ ಏಳೂವರಿ ಬ್ರಾಸ್. ದಮ್ಮಸ ಮಾಡಿದ ಮ್ಯಾಲ ಗರಸ ಕೂಡತೈತಿ, ಅದಕ್ಕ ಒಂಬತ್ತ ಬ್ರಾಸ್ ಹಿಡೀರಿ. ನಿಮ್ಮೂರಿನ ರೇಟಿಂದ ಗುಣಸ್ರಿ, ಅದರ ಮ್ಯಾಲ ಸುತ್ತಲಿನ ಕಲ್ಲ ಕೆಲಸ, ಕೂಲಿ ಸೇರಸ್ರಿ.

ಬಚ್ಚಲದ್ದೂ ವಿಚಾರ ಮಾಡ್ರಿ. ನಾಕ ಇಂಚಿನ ಪೈಪು ನಲವತ್ತ ಅಡಿ ಹೋಗೂದ್ರಾಗ ಒಂದ ಅಡಿ ಇಳೀಬೇಕು. ಬಚ್ಚಲಾ ಹಿಂದ, ರಸ್ತಾ ಮುಂದ ಇದ್ರ ಆ ಒಂದ ಅಡಿ ಮೊದಲ ಬಿಟ್ಟಿರಬೇಕು. ರಸ್ತಾದ ಒಳಚರಂಡಿ ಕಟ್ಟಿದ್ರ ಹೊಲಸ ನೀರು ಎಲ್ಲಿ ತಗ್ಗ ಐತಿ ಅಲ್ಲಿ ಬರತೈತಿ. ಬಚ್ಚಲದ ನೆಲ ಚರಂಡಿ ಮುಚ್ಚಳಕಿಂತ ಮ್ಯಾಲ ಐತೋ ಇಲ್ಲೋ ನೋಡಕೋರಿ.

ಭೂಮಿ ಪೂಜಾದ ದಿನ ಒಂದ ಕೆಲಸ ಮಾಡ್ರಿ. ಗೌಂಡಿ ಕಡೆ ಲೆವಲ್ ಪೈಪು ಇರತೈತಿ. ಅದರಾಗ ನೀರ ತುಂಬಿ, ರಸ್ತಾ ನಡುವಿನ ಎತ್ತರಾನ ಬಾಜೂ ಮನಿ ಗ್ವಾಡಿ ಮ್ಯಾಲ, ಅವರನ್ನ ಕೇಳಿ, ಕೆಂಪ ಬಣ್ಣದಿಂದ ಗೆರಿ ಹೊಡಸ್ರಿ. ಆ ಗೆರೀಗೆ ಎರಡ ಅಡಿ ಮ್ಯಾಲ ಇನ್ನೊಂದ ಗೆರಿ. ಆಮ್ಯಾಲ ಯಾರ ಬಂದು ಏನ ಅಂದ್ರೂ ಟೇಪು ಹಿಡದು ತೋರಸಬಹುದು.