ಬೋರಮಾಳ ಎಲ್ಲಿ ಅಂತ ಕೇಳಿದ್ರಲ್ಲ

ಬರದು ಭಾಳ ದಿನ ಆತು. ವ್ಯಾಳ್ಯಾ ಇರ್ಲಿಲ್ಲ ಅಂತ ಹೇಳಬಹುದು, ಆದ್ರ ಅದು ಸುಳ್ಳಾಗತೈತಿ. ಈ ಸರ್ತಿ ಸುಳ್ಳ ಹೇಳಬಾರದು ಅಂತ ಮನ್ಯಾಗ ಕರಾರು ಆಗೇತಿ. ಯಾಕ ಅನ್ನೂದು ಓದಕೋತ ಹೋದಂಗ ನಿಮಗ ಗೊತ್ತಾಗತೈತಿ.

ಸಂಕ್ರಾಂತಿ ಆದ ಮ್ಯಾಲ ಒಂದು ಭಾನುವಾರ ನಾವು ಐದೂ ಮಂದಿ ತಿರಗಾಡಾಕ ಹೋಗಿದ್ವಿ. ನಾನು, ನಮ್ಮಾಕಿ, ನಮ್ಮವ್ವ, ಮಗಳು, ಮಗ. ಬೆಂಗಳೂರು ಮೈಸೂರು ಅಲ್ಲ, ಮಾಗಡಿ ಕೆರಿ, ಶಿರಹಟ್ಟಿ, ಲಕ್ಷ್ಮೇಶ್ವರ. ಮುಂಜಾನೆ ಹೋಗಿ ಸಂಜಿಗೆ ಬೆಟಗೇರಿ ಮನಿ ಮುಟ್ಟೂದು. "ಇದೂ ಒಂದು ಟೂರೇನ್ರಿ?" ಅಂತ ಮಗಳು ಮಾರಿ ಸಣ್ಣದು ಮಾಡಿದ್ಲು. ಈಕಿ ಹಿಂದಿನ ರಾತ್ರೀನ ಸಜ್ಜಿ ರೊಟ್ಟಿ ಬಡದು, ಎಣ್ಣಿ ಬದ್ನಿಕಾಯಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಮೊಸರು ಎಲ್ಲಾ ಬುತ್ತಿ ಕಟ್ಟಿದ್ಲು. ಬುತ್ತಿ ವಾಸನಿ ಬಡದ ಮ್ಯಾಲ ಮಗಳ ಮಾರಿ ಸರಿ ಆತು.

ಬಸ್ಸಿನಾಗ ಕಂಡಕ್ಟರ್ ಬಂದ್ರು. ನಮ್ಮವ್ವ ಎಲಿ ಅಡಕಿ ಸಂಚಿಯಿಂದ ಆಧಾರ್ ಕಾರ್ಡ್ ತಗದು ಲಾಯಸನ್ ತೋರಿಸಿದಂಗ ತೋರಿಸಿದ್ಲು. ಆಕಿಗೆ ಝೀರೋ ಟಿಕೆಟ್, ನಮ್ಮಾಕಿಗೆ ಝೀರೋ, ಮಗಳಿಗೆ ಝೀರೋ. ಮಗನಿಗೆ ಅರ್ಧಾ ಟಿಕೆಟ್. ಪೂರ್ತಿ ರೊಕ್ಕ ಕೊಟ್ಟು ಕುಂತಾಂವ ಇಡೀ ಮನ್ಯಾಗ ನಾ ಒಬ್ಬನ. "ಗಂಡಸರು ಬರದಿದ್ರ ಟೂರ್ ಫುಕಟ್ ಆಗತಿತ್ತು ನೋಡವಾ" ಅಂತ ಅವ್ವ ಸೊಸಿ ಕಡೆ ತಿರಗಿ ಅಂದ್ಲು. ಬಸ್ಸಿನಾಗಿನ ಹೆಣ್ಮಕ್ಕಳೆಲ್ಲಾ ನಕ್ಕರು. ನಾನೂ ನಕ್ಕೆ, ಏನ್ ಮಾಡೂದು.

ಆದ್ರ ಒಂದು ಮಾತು ಖರೇ. 2023ರ ಜೂನ್ 11ಕ್ಕ ಈ ಶಕ್ತಿ ಯೋಜನೆ ಬಂದಾಗ ನಾನೂ ಕಟ್ಟಿ ಮ್ಯಾಲ ಕುಂತು "ಇನ್ನ ಮನ್ಯಾಗ ಯಾರೂ ಇರಂಗಿಲ್ಲ ತೊಗೊ" ಅಂತ ಚಾಷ್ಟಿ ಮಾಡಿದಾಂವನ. ನಮ್ಮವ್ವನ ತವರು ಮುಂಡರಗಿ ತಾಲೂಕಿನಾಗ, ತುಂಗಭದ್ರಾ ಹೊಳಿ ಸಮೀಪ. ಮೊದಲ ಆಕಿ ತವರಿಗೆ ಹೋಗಬೇಕಂದ್ರ ನನ್ನ ರಜಾ ಬೇಕು, ನನ್ನ ಕಿಸೆದಾಗ ರೊಕ್ಕ ಬೇಕು, ನನ್ನ ಮನಸ್ಸು ಬೇಕು. "ಬರೋ ಭಾನುವಾರ ಹೋಗೂಣಬೇ" ಅನ್ನಕೋತ ಎರಡು ವರ್ಷ ಕಳದಿದ್ದೆ. ಈಗ ತಾನ ಎದ್ದು ಬಸ್ ಹತ್ತಿ ಮುಂಡರಗಿಗೆ ಹೋಗಿ, ಅಲ್ಲಿಂದ ತಂಗಿ ಕರಕೊಂಡು ಸಿಂಗಟಾಲೂರು ವೀರಭದ್ರೇಶ್ವರನ ಗುಡಿಗೆ ಹೋಗಿ, ಹೊಳಿ ನೋಡಿ, ಕಾಯಿ ಒಡಿಸಿಕೊಂಡು ಬರ್ತಾಳ. ಬರೋವಾಗ ನನಗ ಪ್ರಸಾದ ತರ್ತಾಳ. ಎರಡು ವರ್ಷ ಭಾನುವಾರ ಸಿಗದ ಮಗನಿಗೆ ಪ್ರಸಾದ.

ಇರ್ಲಿ. ಮಾಗಡಿಗೆ ಬಂದ್ವಿ. ಗದಗಿನಿಂದ ಇಪ್ಪತ್ತೈದು ಕಿಲೋಮೀಟರ್ ಆಜೂಬಾಜು, ಶಿರಹಟ್ಟಿ ತಾಲೂಕು. ನೀವು ನೋಡಿರದಿದ್ರ ಒಮ್ಮೆ ಹೋಗ್ರಿ, ಆದ್ರ ಚಳಿಗಾಲದಾಗ ಹೋಗ್ರಿ. ನವೆಂಬರ್‌ದಿಂದ ಮಾರ್ಚ್ ಅನ್ನೂತನ ಆ ಕೆರಿಯಾಗ ಸಾವಿರಗಟ್ಟಲೆ ಹೆಬ್ಬಾತುಗಳು ಇರ್ತಾವ. ಬೂದಿ ಬಣ್ಣ, ಬಿಳಿ ತಲಿ ಮ್ಯಾಲ ಎರಡು ಕರಿ ಪಟ್ಟಿ. ಮಂಗೋಲಿಯಾ, ಟಿಬೆಟ್ ಕಡಿಂದ ಹಿಮಾಲಯ ದಾಟಿ ನಮ್ಮ ಶಿರಹಟ್ಟಿ ತಾಲೂಕಿಗೆ ಬರೂವು ಇವು. ಸುತ್ತಲ ಹೊಲಕ್ಕ ಮೇಯಾಕ ಹೋಗಿ ಮತ್ತ ಕೆರಿಗೆ ಬಂದು ಕುಂಡ್ರತಾವ. 2024ರಾಗ ಈ ಕೆರಿಗೆ ರಾಮ್ಸಾರ್ ಪಟ್ಟಿಯಾಗ ಜಾಗಾ ಸಿಕ್ಕೈತಿ, ಅಂದ್ರ ಜಗತ್ತಿನ ಮುಖ್ಯ ನೀರಿನ ತಾಣದಾಗ ಇದೂ ಒಂದು.

ಹೆಬ್ಬಾತು ಸಾಲ ಹಿಡದು ಹಾರಿದಾಗ ನಮ್ಮವ್ವ ಕೈ ಮುಗದು, "ತವರಿಗೆ ಬಂದ ಹೆಣ್ಮಕ್ಕಳಂಗ ಅದಾವ ನೋಡು, ವರ್ಷಾ ತಪ್ಪೂದಿಲ್ಲ" ಅಂದ್ಲು. ಮಗ ಸಾಲ್ಯಾಗ ಓದಿದ್ದ. "ಇಲ್ಲಬೇ ಅಮ್ಮಾ, ಅವು ಹುಟ್ಟೂದು, ಮರಿ ಮಾಡೂದು ಎಲ್ಲಾ ಅಲ್ಲೇ. ಇಲ್ಲಿಗೆ ಬರೇ ಉಣ್ಣಾಕ ಬರ್ತಾವ" ಅಂದ. ಅವ್ವ ಸೊಲ್ಪ ವಿಚಾರ ಮಾಡಿ, "ಹಂಗಾದ್ರ ಇವು ಅಳ್ಯಾಗೋಳು ಬಿಡು" ಅಂದ್ಲು. ನಮ್ಮಾಕಿ ನಕ್ಕ ನಗಿಗೆ ದಂಡಿ ಮ್ಯಾಗಿನ ಹಕ್ಕಿ ಎದ್ದು ಹಾರಿದ್ವು. ಶಿರಹಟ್ಟಿ ಅಳ್ಯಾ ನಾ ಸುಮ್ಮನ ಬುತ್ತಿ ಗಂಟು ಬಿಚ್ಚಿದೆ.

ಊಟ ಆದ ಮ್ಯಾಲ ಮಗಳು ಎಲ್ಲಾರನೂ ಕೆರಿ ದಂಡಿಗೆ ನಿಂದರಿಸಿ ನನ್ನ ಮೊಬೈಲಿನಾಗ ಫೋಟೋ ತಗದ್ಲು. ಛಲೋ ಮೊಬೈಲ್ ರೀ ಅದು, ದೂರದ ಹಕ್ಕಿ ಕಣ್ಣೂ ಕಾಣತಾವ. ಫೋಟೋ ನೋಡಿ ಮಗಳು ಅಂದ್ಲು: "ಮಮ್ಮಿ, ನಿನ್ನ ಕೊಳ್ಳಾಗ ಏನೂ ಇಲ್ಲ ನೋಡು, ಬರೇ ತಾಳಿ. ಬೋರಮಾಳ ಹಾಕ್ಕೊಂಡಿದ್ರ ಎಷ್ಟ ಛಂದ ಬರತಿತ್ತು." ನಮ್ಮಾಕಿ ಬುತ್ತಿ ಅರಬಿ ಝಾಡಿಸಿ ಮಡಚಾಕತ್ತಿದ್ಲು. ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ.

ಈಗ ನಿಮಗ ಹೇಳಬೇಕಾದ ಮಾತಿಗೆ ಬಂದೆ.

ಹ್ವಾದ ಬ್ಯಾಸಗಿಯಾಗ ಶಿರಹಟ್ಟಿ ಮದುವ್ಯಾಗ ನಿಮ್ಮಾಗ ನಾಕೈದು ಮಂದಿ ನಮ್ಮಾಕಿನ್ನ ಕೇಳಿದ್ರಿ, "ಯಾಕವಾ, ಬೋರಮಾಳ ಎಲ್ಲಿ?" ಅಂತ. ಅದು ಆಕಿ ಅವ್ವ ಕೊಟ್ಟಿದ್ದು, ಕೇಳೂದು ಸಹಜ. "ಕೊಂಡಿ ಮುರದೈತಿ, ರಿಪೇರಿಗೆ ಕೊಟ್ಟೇವಿ" ಅಂತ ಆಕಿ ಹೇಳಿದ್ಲು. ಕೊಂಡಿ ಮುರದಿರ್ಲಿಲ್ರಿ. ಸರ ಅಡ ಇಟ್ಟಿದ್ವಿ.

ಮಗಳನ್ನ ಪಿಯುಸಿ ಮೊದಲ ವರ್ಷಕ್ಕ ಸೇರಿಸೋ ಮುಂದ ಫೀಸು, ಪುಸ್ತಕ, ಟ್ಯೂಶನ್ ಎಲ್ಲಾ ಸೇರಿ 40,000 ರೂಪಾಯಿ ಬೇಕಾಗಿತ್ತು. ಆಕೀನ ಸರ ತಗದು ಕೊಟ್ಲು. ಸರ ಆಕೀದು, ಹಂಗಾಗಿ ಸಾಲಾನೂ ಆಕಿ ಹೆಸರಿಗೆ. ಬ್ಯಾಂಕಿನವರು 60,000 ಕೊಡತೇವಿ ಅಂದ್ರು. ಬೇಕಾಗಿದ್ದು 40,000, ಸಿಗೂದು 60,000. "ಇರ್ಲಿ, ಕೈಯಾಗ ಇದ್ರ ಬರತೈತಿ" ಅಂತ ನಾ ಪೂರ್ತಿ ತೊಗೊಂಡೆ. ಆ ಮ್ಯಾಲಿನ 20,000 ಏನಾತು ಅಂದ್ರ, ಈಗ ಹೇಳಿದ್ನೆಲ್ಲ, ಹಕ್ಕಿ ಕಣ್ಣು ಕಾಣೂ ಮೊಬೈಲ್, ಅದ. ಅಂಗಡಿಯಾಗ ಬೋನಸ್ ಬಂತು ಅಂತ ಮನ್ಯಾಗ ಹೇಳಿದ್ದೆ. "ದೀಪಾವಳಿಗೆ ಸರ ಬಿಡಿಸಿ ಕೊಡತೀನಿ" ಅಂದಿದ್ದೆ. ಯಾವ ವರ್ಷದ ದೀಪಾವಳಿ ಅಂತ ಹೇಳಿರ್ಲಿಲ್ಲ ಅಷ್ಟ.

ಮಾಗಡಿಯಿಂದ ಶಿರಹಟ್ಟಿಗೆ ಹೋದ್ವಿ. ಫಕೀರೇಶ್ವರ ಮಠಕ್ಕ ಹೋಗಿ ಕೈ ಮುಗದ್ವಿ. ಹಿಂದೂ ಮುಸಲ್ಮಾನರು ಕೂಡೇ ನಡಕೊಳ್ಳೂ ಮಠ ಅದು, ನಮ್ಮ ಸೀಮಿಗೆ ಅದೊಂದು ಹೆಮ್ಮಿ. ಆಮ್ಯಾಲ ಮಾವನವರ ಮನ್ಯಾಗ ಚಾ. ಚಾ ಕುಡಿಯೋವಾಗ ಅತ್ತಿಯವರು ಮತ್ತ ಕೇಳಿದ್ರು: "ಸರ ರಿಪೇರಿ ಆತೇನವಾ?" ನಮ್ಮಾಕಿ ಬಸಿ ಕೆಳಗಿಟ್ಟು, "ಆಗೇತವಾ, ಬಸ್ಸಿನಾಗ ಯಾಕ ಅಂತ ಮನ್ಯಾಗ ಇಟ್ಟ ಬಂದೇನಿ" ಅಂದ್ಲು. ಅವ್ವನ ಮಾರಿ ನೋಡದ ಅಂದ್ಲು. ನನಗ ಚಾ ಗಂಟಲದಾಗ ಇಳೀಲಿಲ್ಲ.

ಲಕ್ಷ್ಮೇಶ್ವರದಾಗ ನಮ್ಮಕ್ಕನ ಮನಿಗೆ ಹೋಗಿ, ಆಕಿನ್ನೂ ಕರಕೊಂಡು ಸೋಮೇಶ್ವರನ ಗುಡಿ ನೋಡಿದ್ವಿ. ಹಿಂದಕ್ಕ ಪುಲಿಗೆರೆ ಅನ್ನೂ ಹೆಸರಿತ್ತು ಈ ಊರಿಗೆ, ಪಂಪನ ಕಾಲದಾಗ ಇಲ್ಲಿ ಕನ್ನಡಕ್ಕ ದೊಡ್ಡ ಮಾನ ಇತ್ತು. ಮಗಳಿಗೆ ಅದನ್ನ ಹೇಳಬೇಕು ಅಂತ ಮೊದಲ ತಯಾರಿ ಮಾಡಿಕೊಂಡು ಹೋಗಿದ್ದೆ. ಹೇಳಾಕ ಬಾಯಿ ಬರಲಿಲ್ಲ.

ಮರಳಿ ಬರೋವಾಗ ಮಗನ ಅರ್ಧಾ ಟಿಕೆಟ್ಟಿಗೆ ನನ್ನ ಹತ್ರ ಚಿಲ್ಲರ ಇರ್ಲಿಲ್ಲ. "ನನ್ನ ಪರ್ಸಿನಾಗ ತೊಗೋರಿ" ಅಂದ್ಲು, ಆಕಿ ತೊಡಿ ಮ್ಯಾಲ ಮಗ ಮಲಗಿದ್ದ. ಪರ್ಸ್ ತಗದೆ. ಚಿಲ್ಲರ ಜೋಡಿ ಸಣ್ಣಗೆ ಮಡಚಿದ ಬ್ಯಾಂಕಿನ ಚೀಟಿ ಕೈಗೆ ಬಂದ್ವು. ಒಂದು 5,400 ರೂಪಾಯಿದು, ಒಂದು ವರ್ಷದ ಬಡ್ಡಿ. ಉಳಿದ ಏಳು ಚೀಟಿ 1,000, 1,000 ರೂಪಾಯಿವು, ಅಸಲಿಗೆ ಜಮಾ.

ವರ್ಷ ತುಂಬಿದ ಕೂಡ್ಲೆ ಬಡ್ಡಿ ಕಟ್ಟಿ ಹೊಸದು ಮಾಡಿಸಬೇಕು, ಇಲ್ಲಂದ್ರ ನೋಟೀಸು ಬರತೈತಿ, ಅದಕ್ಕೂ ಸುಮ್ಮನಿದ್ರ ಲಿಲಾವು. ಇದು ನನಗ ಗೊತ್ತು. ನಾ ಸೀರಿ ಅಂಗಡಿಯಾಗ ಲೆಕ್ಕಾ ಬರ್ಯಾಂವ, ಮಂದಿ ಬಾಕಿ ಪೈಸಾ ಪೈಸಾ ನೆನಪಿಡತೀನಿ. ಇದನ್ನ ಮರತಿದ್ದೆ. ನೋಟೀಸು ಆಕಿ ಹೆಸರಿಗೆ ಬಂದಿತ್ತು, ಆಕಿ ಓದಿದ್ಲು, ಆಕೀನ ಹೋಗಿ ಕಟ್ಟಿದ್ಲು. ರೊಕ್ಕ ಎಲ್ಲಿದು ಅಂದ್ರ, ಗೃಹಲಕ್ಷ್ಮಿ 2,000 ರೂಪಾಯಿ, ಮತ್ತ ಮಧ್ಯಾಹ್ನ ಎಲ್ಲಾರೂ ಅಡ್ಡಾದಾಗ ಓಣಿ ಹೆಣ್ಮಕ್ಕಳ ಸೀರಿಗೆ ಫಾಲ್ ಹಚ್ಚಿದ್ದು. ನಿಮ್ಮಾಗ ಯಾರಾರ ನಮ್ಮ ಮನ್ಯಾಗ ಫಾಲ್ ಹಚ್ಚಿಸಿದ್ರ, ಆ ರೊಕ್ಕ ಅಲ್ಲಿಗೆ ಹೋಗೇತಿ.

ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಅಡಗಿ ಮನಿ ಹೊಚ್ಚಲ ಮ್ಯಾಲ ಕುಂತು ಮೊಬೈಲಿನ ವಿಚಾರ ಹೇಳಿದೆ. "ಗೊತ್ತಿತ್ತಿಲ್ಲ ನಿನಗ?" ಅಂತಾನೂ ಕೇಳಿದೆ. "ಇಲ್ರಿ" ಅಂದ್ಲು. ಖರೇನ ಗೊತ್ತಿರ್ಲಿಲ್ಲ. ಅರವತ್ತೂ ಫೀಸಿಗೆ ಹೋಗೇತಿ ಅಂತ ತಿಳಕೊಂಡಿದ್ಲು. ಬಯ್ಯತಾಳ ಅಂತ ಕುಂತೆ. ಬಯ್ಯಲಿಲ್ಲ. ಪಾತ್ರಿ ತಿಕ್ಕೂದು ಬಿಟ್ಟು ಸುಮ್ಮನ ನಿಂತ್ಲು. ನಳದ ನೀರು ಹರೀತಿತ್ತು. ನಮ್ಮ ಬೆಟಗೇರಿಯಾಗ ನಳ ಬಂದಾಗ ಒಂದು ಹನಿ ಹಾಳ ಮಾಡದಾಕಿ, ಅದನ್ನ ಬಂದ್ ಮಾಡೂದೂ ಮರತ್ಲು. ಆಮ್ಯಾಲ ಅಂದ್ಲು:

"ಸರ ಇಲ್ಲದ ಮದುವಿಗೆ ಹೋಗಾಕ ನನಗ ನಾಚಿಗಿ ಆಗಲಿಲ್ರಿ. ಮಗಳ ಸಾಲಿಗೆ ಇಟ್ಟೇನಿ ಅಂತ ಎದಿ ಉಬ್ಬಿಸಿ ಹೇಳಬಹುದಿತ್ತು. ನಿಮ್ಮ ಮಾನ ಹೋಗಬಾರದಂತ ಸುಳ್ಳ ಹೇಳಿದೆ. ಇವತ್ತ ಹೆತ್ತವ್ವನ ಮುಂದ ಎರಡನೇ ಸಲ ಹೇಳಿದೆ. ಆ ಸುಳ್ಳು ಮಗಳ ಸಾಲಿಗಲ್ಲ, ನಿಮ್ಮ ಮೊಬೈಲಿಗೆ ಹೇಳಿದೆ ಅಂತ ಈಗ ಗೊತ್ತಾತು."

ಇದಕ್ಕ ಏನ್ ಉತ್ತರ ಕೊಡಲಿ? ಕೊಡಲಿಲ್ಲ.

ಮೂರು ದಿನ ಮನ್ಯಾಗ "ಊಟಕ್ಕ ಬರ್ರಿ" ಬಿಟ್ಟು ಬ್ಯಾರೆ ಮಾತಿಲ್ಲ. ನಾಕನೇ ದಿನ ಅಂಗಡಿ ಬಿಟ್ಟು ಬರೋವಾಗ ದಿನದಂಗ ಗೆಳ್ಯಾರ ಜೋಡಿ ಬದ್ನಿಕಾಯಿ ಭಜಿ ಬಂಡಿ ಮುಂದ ನಿಂತೆ. ಗದಗಿನ ಬದ್ನಿಕಾಯಿ ಭಜಿ ರುಚಿ ಅಂದ್ರ ನಿಮಗ ಗೊತ್ತ ಐತಿ. ಒಂದು ಪ್ಲೇಟ್ ಭಜಿ, ಮ್ಯಾಲೊಂದು ಚಾ, ಗೆಳ್ಯಾಗೂ ಒಂದು ಚಾ, 50 ರೂಪಾಯಿ. ಬಾಯಾಗ ಇಡೂ ಮುಂದ ಲೆಕ್ಕಾ ಮಾಡೂ ತಲಿ ಓಡಾಕತ್ತಿತು. ತಿಂಗಳಿಗೆ 26 ದಿನ, 1,300 ರೂಪಾಯಿ. ಸರ ಇಟ್ಟು 19 ತಿಂಗಳು. 24,700. ಅಂದ್ರ ಮೊಬೈಲಿನ ಸಾಲ ತೀರಿ, ಮ್ಯಾಲ 4,700 ಉಳೀತಿತ್ತು. ಭಜಿ ತಿಂದೆ, ಕೊಟ್ಟ ರೊಕ್ಕ ಹಾಳ ಮಾಡಬಾರದಂತ. ಆದ್ರ ಮರುದಿನ ನಿಂದರಲಿಲ್ಲ.

ನಮ್ಮ ಕಣಗಿನಹಾಳ ನೋಡ್ರಿ, ಗದಗಿನ ಬಾಜೂಕ ಇರೂ ಹಳ್ಳಿ. 1905ರಾಗ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ್ರು, ಏಷ್ಯಾದಾಗ ಮೊದಲನೇದು ಅಂತ ಅದಕ್ಕ ಹೆಸರು. ನಾಕು ಮಂದಿ ಕೂಡಿ ಸಣ್ಣ ಸಣ್ಣ ಗಂಟು ಹಾಕೂದು, ಯಾರಿಗೆ ಎಷ್ಟು ಕೊಟ್ಟೇವಿ ಅನ್ನೂದು ಎಲ್ಲಾರಿಗೂ ಗೊತ್ತಿರೂದು, ಸಂಘ ನಿಂದರೂದು ಇದರ ಮ್ಯಾಲ. ಆ ಮಣ್ಣಿನ ಬಾಜೂಕ ಇದ್ದು, ಇಬ್ಬರ ಮನ್ಯಾಗ ಒಂದು ಲೆಕ್ಕಾ ಮುಚ್ಚಿಟ್ಟಾಂವ ನಾ.

ಈಗ ಅಡಗಿ ಮನಿ ಗ್ವಾಡಿಗೆ ಕ್ಯಾಲೆಂಡರ್ ತೂಗಿದಲ್ಲಿ ಒಂದು ನೋಟಬುಕ್ ಕಟ್ಟೇವಿ. ನನ್ನ ಪಗಾರ, ಆಕಿ ಗೃಹಲಕ್ಷ್ಮಿ, ಫಾಲ್ ರೊಕ್ಕ, ಅವ್ವನ ಪಿಂಚಣಿ, ಹಾಲು, ಕಿರಾಣಿ, ಎಲ್ಲಾ ಅದರಾಗ. ಮಗಳೂ ಓದತಾಳ. ತನ್ನ ಫೀಸಿಗೆ ಸರ ಹೋಗೇತಿ ಅಂತ ಆಕಿಗೆ ಅದನ್ನ ನೋಡೀನ ಗೊತ್ತಾತು. ಎರಡು ದಿನ ಗುಮ್ಮಂತ ಇದ್ಲು, ಈಗ ಮುಂಜಾನೆ ನಾಕಕ್ಕ ತಾನ ಎದ್ದು ಓದಾಕತ್ತಾಳ. ಅದು ಛಲೋನೋ, ಹುಡುಗಿ ಮ್ಯಾಲ ಭಾರ ಆತೋ, ನನಗ ಇನ್ನೂ ತಿಳೀವಲ್ದು.

ಅಸಲು ಇನ್ನ 53,000 ಐತಿ. ಭಜಿ ರೊಕ್ಕ 1,300, ಆಕೀವು 1,000, ತಿಂಗಳಿಗೆ 2,300. ಹಂಗ ಕಟ್ಟಿದ್ರ 23 ತಿಂಗಳು, ಬಡ್ಡಿ ಬ್ಯಾರೆ. ಈ ಸರ್ತಿ ದೀಪಾವಳಿಗೆ ಬೋನಸ್ ಖರೇನ ಬಂದ್ರ ಅದೂ ಅಲ್ಲಿಗೇ. ಬಂಗಾರದ ದರ ಏರಿದ್ದು ನೋಡಿದ್ರ, ಹೊಸಾದು ಮಾಡಿಸೂದು ಈ ಜನ್ಮದಾಗ ಆಗೂದಲ್ಲ, ಇದ್ದದ್ದು ಬಿಡಿಸಿಕೊಂಡ್ರ ಸಾಕು.

ಇದನ್ನೆಲ್ಲಾ ಬರ್ಯಾಕ ನಮ್ಮಾಕಿ ಪರವಾನಗಿ ಕೇಳಿದೆ. ಶಿರಹಟ್ಟಿಯವರೂ ಓದತಾರ, ಲಕ್ಷ್ಮೇಶ್ವರದವರೂ ಓದತಾರ, ಓಣಿ ಮಂದಿ ಅಂತೂ ಓದೇ ಓದತಾರ, ವಿಚಾರ ಮಾಡು ಅಂದೆ. ರೊಟ್ಟಿ ತಟ್ಟೂದು ನಿಲ್ಲಿಸದ ಅಂದ್ಲು, "ಬರೀರಿ. ನನ್ನ ಸುಳ್ಳು ನಿಮ್ಮ ಕೈಲೇ ತಗೀರಿ. ಆದ್ರ ಭಜಿ ಲೆಕ್ಕಾ ಬಿಡಬ್ಯಾಡ್ರಿ."

ಅದಕ, ಅತ್ತಿಯವರ, ನಿಮ್ಮ ಮಗಳು ನಿಮ್ಮ ಮುಂದ ಹೇಳಿದ ಸುಳ್ಳು ಆಕೀದಲ್ಲ, ನಂದು. ಮುಂದಿನ ಸಲ ಬಂದಾಗ ಆಕಿ ಕೊಳ್ಳ ನೋಡಿ ಕೇಳಬ್ಯಾಡ್ರಿ, ನನ್ನ ಕರದು ಕೇಳ್ರಿ, "ಎಷ್ಟ ಉಳದೈತ್ರಿ ಅಳಿಯಂದ್ರ?" ಅಂತ. ನೋಟಬುಕ್ ನೋಡಿ ಹೇಳತೀನಿ. ಮಾರ್ಚ್ ಮುಗಿಯೂದರಾಗ ಮಾಗಡಿ ಕಡೆ ಯಾರಾರ ಹೋಗೋರಿದ್ರ ಹೇಳ್ರಿ. ನಮ್ಮವ್ವ ಮತ್ತೊಮ್ಮೆ ಅಳ್ಯಾಗೋಳನ್ನ ನೋಡಬೇಕು ಅನ್ನಾಕತ್ತಾಳ. ಆಕಿದೇನು, ಟಿಕೆಟ್ ಇಲ್ಲ.