ಸಿಗದಿರುವುದು ಬೇರೆ, ಇಲ್ಲದಿರುವುದು ಬೇರೆ

ತಂತ್ರಾಂಶ ಕಂಪನಿಯೊಂದರಲ್ಲಿ ಕೈಪಿಡಿಗಳನ್ನು ಬರೆಯುವುದು ನನ್ನ ವೃತ್ತಿ. ಸಾಧನವನ್ನು ಕಟ್ಟುವವರು ಬೇರೆ, ಬಳಸುವವರು ಬೇರೆ. ಇಬ್ಬರ ನಡುವೆ ನಿಂತು ‘ಇದು ಇಂಥದು, ಇದನ್ನು ಹೀಗೆ ಬಳಸಿ’ ಎಂದು ತಿಳಿಸುವುದಷ್ಟೇ ನನ್ನ ಕೆಲಸ. ಇಷ್ಟು ವರ್ಷ ನನ್ನ ಓದುಗರೆಲ್ಲ ಮನುಷ್ಯರಾಗಿದ್ದರು. ಇತ್ತೀಚೆಗೆ, ಮೊದಲ ಬಾರಿಗೆ, ಮನುಷ್ಯನಲ್ಲದ ಓದುಗನಿಗಾಗಿ ಬರೆಯುವ ಸಂದರ್ಭ ಒದಗಿತು. ಆಗ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳುತ್ತೇನೆ.

ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಬಳಕೆಗೆ ಬಿಡುವುದು ನಮ್ಮ ಕ್ಷೇತ್ರದ ರೂಢಿ. ಇದನ್ನು ಕೋಡ್ ರಿವ್ಯೂ ಎನ್ನುತ್ತಾರೆ. ಐಬಿಎಂ ಸಂಸ್ಥೆಯ ಮೈಕೆಲ್ ಫೇಗನ್ ಅವರು 1976ರಲ್ಲಿ ಇದಕ್ಕೊಂದು ಕ್ರಮಬದ್ಧ ವಿಧಾನವನ್ನು ಪ್ರಕಟಿಸಿದರು. ಅಂದು ಒಟ್ಟಾಗಿ ಕುಳಿತು ನಡೆಸುತ್ತಿದ್ದ ಪರಿಶೀಲನೆ ಇಂದು ಪರದೆಯ ಮೇಲೆ, ಸಾಲುಸಾಲಿನ ಪಕ್ಕದ ಟಿಪ್ಪಣಿಗಳಾಗಿ ನಡೆಯುತ್ತದೆ. ಪ್ರೋಗ್ರಾಮು ಏನು ಮಾಡುತ್ತದೆಂಬುದನ್ನು ಅದರ ಸಾಲುಗಳೇ ಹೇಳುತ್ತವೆ. ಏಕೆ ಹಾಗೆ ಮಾಡುತ್ತದೆಂಬುದು ಹೆಚ್ಚಾಗಿ ಉಳಿದಿರುವುದು ಈ ಟಿಪ್ಪಣಿಗಳಲ್ಲಿಯೇ. ಬರೆದವರು ಕೆಲಸ ಬಿಟ್ಟು ಹೋದ ಮೇಲೂ ಅವರ ವಿವೇಕ ಅಲ್ಲಿ ಉಳಿದಿರುತ್ತದೆ.

ಈಗ ಪ್ರೋಗ್ರಾಮು ಬರೆಯುವ, ತಿದ್ದುವ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಏಜೆಂಟುಗಳೂ ಮಾಡುತ್ತಿವೆ. ಹಳೆಯ ಚರ್ಚೆಗಳನ್ನು ಅವು ಹುಡುಕಿ ಓದಲೆಂದು ನಮ್ಮವರು ಒಂದು ಸಾಧನವನ್ನು ಸಿದ್ಧಪಡಿಸಿದರು. ಇಂಥ ಸಾಧನಗಳನ್ನು ಏಜೆಂಟುಗಳಿಗೆ ಜೋಡಿಸಲು 2024ರಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಮುಕ್ತ ಕ್ರಮವೊಂದು ಬಂದಿದೆ. ಸಾಧನದ ಹೆಸರು, ಅದರ ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿ, ಇವನ್ನು ಓದಿಯೇ ಏಜೆಂಟು ಅದನ್ನು ಯಾವಾಗ, ಹೇಗೆ ಬಳಸಬೇಕೆಂದು ನಿರ್ಧರಿಸುತ್ತದೆ. ಮನುಷ್ಯನಾದರೆ ಕೈಪಿಡಿಯಲ್ಲಿ ಸಂಶಯ ಬಂದಾಗ ಪಕ್ಕದವರನ್ನು ಕೇಳುತ್ತಾನೆ. ಈ ಓದುಗನಿಗೆ ನನ್ನ ವಾಕ್ಯವೇ ಪ್ರಮಾಣ.

ನಾನು ಬರೆದ ವಾಕ್ಯಗಳಲ್ಲಿ ಒಂದು ಹೀಗಿತ್ತು: ‘ಫಲಿತಾಂಶ ಶೂನ್ಯವಾಗಿದ್ದರೆ, ಆ ಭಾಗದ ಕುರಿತು ಚರ್ಚೆ ನಡೆದಿಲ್ಲ.’

ಕೆಲವು ವಾರಗಳ ಬಳಿಕ, ಹಣ ಪಾವತಿಯ ಪ್ರೋಗ್ರಾಮೊಂದನ್ನು ಚೊಕ್ಕಗೊಳಿಸಲು ಏಜೆಂಟಿಗೆ ಒಪ್ಪಿಸಲಾಯಿತು. ಅದರಲ್ಲಿ ಒಂದೇ ಬಗೆಯ ತಪಾಸಣೆ ಎರಡು ಕಡೆ ಇತ್ತು. ಏಜೆಂಟು ನನ್ನ ಸಾಧನದಲ್ಲಿ ಹುಡುಕಿತು, ಏನೂ ಸಿಗಲಿಲ್ಲ. ‘ಇದರ ಕುರಿತು ಚರ್ಚೆ ನಡೆದಿಲ್ಲ, ಇದು ಅನಗತ್ಯ ಪುನರಾವರ್ತನೆ’ ಎಂದು ಬರೆದು, ಎರಡನೆಯದನ್ನು ಅಳಿಸಿಹಾಕಿತು. ಅದನ್ನು ಪರಿಶೀಲಿಸಿದ ಹಿರಿಯ ಸಹೋದ್ಯೋಗಿಯೊಬ್ಬರು ಕೂಡಲೇ ತಡೆದರು. ಬ್ಯಾಂಕು ಹಣ ಪಾವತಿಸಿದ ಮೇಲೆ ಅದರ ಉತ್ತರ ನಮ್ಮನ್ನು ತಲುಪುವ ಮೊದಲೇ ಸಂಪರ್ಕ ಕಡಿದುಹೋದರೆ, ಪ್ರೋಗ್ರಾಮು ಮತ್ತೊಮ್ಮೆ ಪ್ರಯತ್ನಿಸುತ್ತದೆ. ಆ ಎರಡನೆಯ ತಪಾಸಣೆ ಇಲ್ಲದಿದ್ದರೆ ಗ್ರಾಹಕನ ಖಾತೆಯಿಂದ ಎರಡು ಸಲ ಹಣ ಹೋಗುತ್ತದೆ. ಈ ಕುರಿತು ವರ್ಷಗಳ ಹಿಂದೆ ದೀರ್ಘ ಚರ್ಚೆಯೇ ನಡೆದಿತ್ತು. ಆದರೆ ಅಂದು ಆ ಕಡತದ ಹೆಸರು ಬೇರೆ ಇತ್ತು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ, ಇಂದು ನಾವೆಲ್ಲ ಬಳಸುವ ಗಿಟ್ ವ್ಯವಸ್ಥೆ, ಕಡತದ ಹೆಸರು ಬದಲಾದುದನ್ನು ಪ್ರತ್ಯೇಕವಾಗಿ ಬರೆದಿಡುವುದಿಲ್ಲ. ಒಳಗಿನ ಬರಹದ ಹೋಲಿಕೆಯಿಂದ ಅದನ್ನು ಊಹಿಸುತ್ತದೆ. ನಮ್ಮ ಸಾಧನಕ್ಕೆ ಆ ಊಹೆಯೂ ಇರಲಿಲ್ಲ. ಹೊಸ ಹೆಸರಿನಲ್ಲಿ ಹುಡುಕಿದರೆ ಹಳೆಯ ಮಾತು ಸಿಗುವುದಾದರೂ ಹೇಗೆ?

ಯಾರೂ ನನ್ನನ್ನು ದೂರಲಿಲ್ಲ. ಆದರೂ ‘ಚರ್ಚೆ ನಡೆದಿಲ್ಲ’ ಎಂಬುದು ಏಜೆಂಟಿನ ಮಾತಲ್ಲ, ನನ್ನ ಮಾತು ಎಂಬುದು ನನಗೆ ತಿಳಿದಿತ್ತು.

ಅಂದು ರಾತ್ರಿ ತಂದೆಯವರ ನೆನಪಾಯಿತು. ನಮ್ಮ ಕಾಸರಗೋಡು 1956ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೇರಳಕ್ಕೆ ಸೇರಿದ ಮೇಲೆ ಕಣ್ಣೂರು ಜಿಲ್ಲೆಯ ಭಾಗವಾಯಿತು. 1984ರಲ್ಲಿ ತಾನೇ ಒಂದು ಜಿಲ್ಲೆಯಾಯಿತು. ಅಡಿಕೆ ತೋಟ ಇದ್ದಲ್ಲಿಯೇ ಇತ್ತು, ಕಾಗದದ ಮೇಲೆ ಮಾತ್ರ ಅದರ ಜಿಲ್ಲೆ, ಲಿಪಿ, ಸರ್ವೆ ನಂಬರು ಎಲ್ಲವೂ ಬದಲಾದವು. ಒಮ್ಮೆ ಅಜ್ಜನ ಕಾಲದ ದಸ್ತಾವೇಜಿನ ನಕಲು ಬೇಕಾಗಿ ಕಚೇರಿಗೆ ಹೋಗಿ, ಬರಿಗೈಯಲ್ಲಿ ಹಿಂದಿರುಗಿ, ‘ಅಂಥ ದಾಖಲೆಯೇ ಇಲ್ಲವಂತೆ ಅಪ್ಪಾ’ ಎಂದೆ. ಅವರು ನಕ್ಕರು. ‘ಇಲ್ಲ ಅಂತ ಅಲ್ಲ ಮಗಾ, ಸಿಕ್ಕಲಿಲ್ಲ ಅಂತ. ಹಳೇ ನಂಬ್ರ ಕೊಟ್ಟು ಹುಡುಕಿಸು’ ಎಂದರು. ಹಾಗೆಯೇ ಹುಡುಕಿಸಿದಾಗ ದಾಖಲೆ ಸಿಕ್ಕಿತು.

ಮರುದಿನ ಆ ವಾಕ್ಯವನ್ನು ತೆಗೆದು ಹೀಗೆ ಬರೆದೆ: ‘ಫಲಿತಾಂಶ ಶೂನ್ಯವೆಂದರೆ, ಈ ಪದಗಳಿಂದ ಹುಡುಕಿದಾಗ ಏನೂ ಸಿಗಲಿಲ್ಲವೆಂದು ಮಾತ್ರ ಅರ್ಥ. ಕಡತದ ಹಿಂದಿನ ಹೆಸರುಗಳಿಂದ ಮತ್ತೆ ಹುಡುಕಬೇಕು. ಆಗಲೂ ಸಿಗದಿದ್ದರೆ, ಕಾರಣ ತಿಳಿಯಲಿಲ್ಲವೆಂದು ಪರಿಶೀಲಕರಿಗೆ ತಿಳಿಸಬೇಕು. ಚರ್ಚೆ ನಡೆದಿಲ್ಲವೆಂದು ಹೇಳಕೂಡದು.’ ಇದರ ಜತೆಗೆ, ಸಿಕ್ಕಿದ ಟಿಪ್ಪಣಿಯ ದಿನಾಂಕವನ್ನೂ, ಅದು ಒಬ್ಬರ ಅಭಿಪ್ರಾಯವೋ ಕೊನೆಯ ತೀರ್ಮಾನವೋ ಎಂಬುದನ್ನೂ ನಮೂದಿಸಬೇಕೆಂದು ಸೇರಿಸಿದೆ. ಹಳೆಯ ಹೆಸರುಗಳನ್ನೂ ಸಾಧನವೇ ಹುಡುಕುವಂತೆ ಎಂಜಿನಿಯರುಗಳು ಮುಂದೆ ತಿದ್ದಿದರು. ಅದೇ ಕಡತದ ಮೇಲೆ ಮತ್ತೊಮ್ಮೆ ಪ್ರಯೋಗಿಸಿದಾಗ, ಏಜೆಂಟು ಹಳೆಯ ಚರ್ಚೆಯನ್ನು ಉಲ್ಲೇಖಿಸಿ, ಆ ತಪಾಸಣೆಯನ್ನು ಮುಟ್ಟದೆ ಬಿಟ್ಟಿತು.

ಆ ದಸ್ತಾವೇಜು ಈಗಲೂ ನಮ್ಮ ಮನೆಯ ಕಪಾಟಿನಲ್ಲಿದೆ. ಅದರ ಹೊರಹಾಳೆಯ ಮೇಲೆ ತಂದೆಯವರು ಸೀಸದ ಕಡ್ಡಿಯಲ್ಲಿ ಎರಡು ನಂಬರುಗಳನ್ನು ಬರೆದಿದ್ದಾರೆ, ಹಳೆಯದೊಂದು, ಹೊಸದೊಂದು. ಹುಡುಕಿಕೊಂಡು ಬರುವವರು ಯಾರೆಂದು ಅವರಿಗೆ ತಿಳಿದಿರಲಿಲ್ಲ. ಯಾರೋ ಒಬ್ಬರು ಬರುತ್ತಾರೆಂಬುದು ಮಾತ್ರ ತಿಳಿದಿತ್ತು.