ಅಕ್ಷರಶಃ ಕಬ್ಬಿಣದ ಕಡಲೆ

ನಮ್ಮ ಮೈಕ್ರೋಬಯಾಲಜಿ ಲ್ಯಾಬ್ ಬ್ಯಾಚ್‌ನಲ್ಲಿ ನಾಲ್ಕು ಜನ ಹುಡುಗೀರು. ಕೆಲಸ ಮಾಡ್ತಿದ್ದವಳು ಮಾತ್ರ ಒಬ್ಬಳೇ. ಮೀಡಿಯಾ ತಯಾರಿಸೋದು, ಸ್ಟ್ರೀಕ್ ಮಾಡೋದು, ರೀಡಿಂಗ್ ಬರೆಯೋದು ಎಲ್ಲ ಅವಳೇ. ನಾವು ಮೂವರು ಸಬ್ಮಿಷನ್ ಹಿಂದಿನ ರಾತ್ರಿ ಅವಳ ರೆಕಾರ್ಡ್ ನೋಡಿ ಇಳಿಸ್ಕೊಳ್ತಿದ್ವಿ. ತಪ್ಪು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಆ ವಾರ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್. ಪ್ಲೇಟನ್ನು ಯುವಿ ಲೈಟ್ ಕೆಳಗೆ ಇಟ್ಟ ಕೂಡಲೇ ಹಳದಿ-ಹಸಿರಾಗಿ ಹೊಳೀತು. ನಾವು ಫೋಟೋ ತೆಗೆದು ಸ್ಟೇಟಸ್ ಹಾಕಿದ್ವಿ. ವೈವಾದಲ್ಲಿ ಮೇಡಂ, "ಯಾಕೆ ಹೊಳೆಯುತ್ತೆ?" ಅಂದ್ರು. ನಾವು ಮೂವರೂ ನೆಲ ನೋಡಿದ್ವಿ. ಅವಳು ಹೇಳಿದಳು.

ಆ ಹೊಳಪು ಪಯೋವರ್ಡಿನ್ ಅನ್ನೋ ಅಣುವಿನದು. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಬದುಕೋಕೆ ಕಬ್ಬಿಣ ಬೇಕೇ ಬೇಕು. ಮಣ್ಣಲ್ಲಿ ಕಬ್ಬಿಣಕ್ಕೆ ಬರವಿಲ್ಲ, ನಮ್ಮ ಕೆಂಪು ಮಣ್ಣಿನ ಬಣ್ಣವೇ ಅದರದ್ದು. ಆದರೆ ಅಲ್ಲಿ ಅದು ತುಕ್ಕಿನಂಥ ರೂಪದಲ್ಲಿರೋದರಿಂದ ನೀರಲ್ಲಿ ಕರಗಲ್ಲ. ಅಕ್ಷರಶಃ ಕಬ್ಬಿಣದ ಕಡಲೆ! ಹಾಗಾಗಿ ಸ್ಯೂಡೋಮೊನಾಸ್ ಪಯೋವರ್ಡಿನ್ ಅನ್ನು ಹೊರಗೆ ಬಿಡುತ್ತೆ. ಅದು ಕಬ್ಬಿಣವನ್ನು ಹಿಡ್ಕೊಂಡಾಗ, ರಿಸೆಪ್ಟರ್ ಮೂಲಕ ಒಳಗೆ ಎಳ್ಕೊಳ್ಳುತ್ತೆ. ಆ ರಿಸೆಪ್ಟರ್ ಇಲ್ಲದ ಜಾತಿಗಳಿಗೆ ಕಬ್ಬಿಣ ಎದುರಿಗಿದ್ದರೂ ಉಪವಾಸ. ಬೇರಿನ ಸುತ್ತ ಕೆಲವು ರೋಗಾಣುಗಳನ್ನು ಇದು ಹತ್ತಿಕ್ಕೋದಕ್ಕೆ ಇದೂ ಒಂದು ಕಾರಣ. ಹೊಡೆದಾಟವೇ ಇಲ್ಲ, ಮೊದಲು ಊಟ ಮುಗಿಸೋದು ಅಷ್ಟೇ.

ಆದರೆ ಪಯೋವರ್ಡಿನ್ ಮಾಡೋಕೆ ಶಕ್ತಿ ಖರ್ಚಾಗುತ್ತೆ. ಹೊರಗೆ ಬಿಟ್ಟ ಮೇಲೆ ಅದು ರಿಸೆಪ್ಟರ್ ಇರೋ ಯಾರಿಗಾದ್ರೂ ಸಿಗುತ್ತೆ. ಹೀಗೆ ತಾವು ಏನೂ ತಯಾರಿಸದೆ ಬೇರೆಯವರದ್ದನ್ನ ಬಳಸುವ ಕೋಶಗಳೂ ಇವೆ. 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದು ಇಂಥದ್ದನ್ನೇ ನೋಡಿತ್ತು. ಕಬ್ಬಿಣ ಕಡಿಮೆ ಇರುವಲ್ಲಿ ಇಬ್ಬರನ್ನೂ ಬೆರೆಸಿ ಬೆಳೆಸಿದರೆ ಬಿಟ್ಟಿ ತಿನ್ನೋರೇ ಮುಂದೆ. ಅವರನ್ನಷ್ಟೇ ಬೆಳೆಸಿದರೆ ಬೆಳವಣಿಗೆ ಸೊರಗುತ್ತೆ.

"ಅಂಥ ಕೋಶಗಳಿಗೆ ಏನಂತಾರೆ?" ಮೇಡಂ ಕೇಳಿದ್ರು.

"ಚೀಟರ್ಸ್, ಮೇಡಂ." ಹೇಳುವಾಗ ಅವಳು ನಮ್ಮ ಕಡೆ ನೋಡಲಿಲ್ಲ. ನೋಡಿದ್ರೇ ವಾಸಿ ಇತ್ತು.

ಮುಂದಿನ ವಾರ ಅವಳಿಗೆ ಜ್ವರ. ಪ್ಲೇಟಲ್ಲಿ ನಾವು ಮೂವರೇ ಉಳಿದ್ವಿ! ಸ್ಟ್ರೀಕ್ ಮಾಡೋಕೆ ಮುಕ್ಕಾಲು ಗಂಟೆ ಹಿಡೀತು. ಮಾರನೇ ದಿನ ನೋಡಿದ್ರೆ ಒಂದು ಕಾಲೊನಿಯೂ ಇಲ್ಲ. ಪಕ್ಕದ ಬ್ಯಾಚ್‌ನವರ ರೀಡಿಂಗ್ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಆದರೂ ರೆಕಾರ್ಡ್‌ನಲ್ಲಿ "ಬೆಳವಣಿಗೆ ಇಲ್ಲ" ಅಂತಲೇ ಬರೆದ್ವಿ. ಆ ಸೆಮಿಸ್ಟರ್‌ನಲ್ಲಿ ನಾವೇ ಬರೆದ ಮೊದಲ ರೀಡಿಂಗ್ ಅದು.

ಅವಳು ವಾಪಸ್ ಬಂದಾಗ ರೆಕಾರ್ಡ್ ತೋರಿಸಿದ್ವಿ. ಸ್ವಲ್ಪ ಹೊತ್ತು ನೋಡಿ, "ಸುಟ್ಟ ಮೇಲೆ ಲೂಪ್ ತಣ್ಣಗಾಗೋಕೆ ಬಿಟ್ರೇನ್ರೇ?" ಅಂದಳು.

ಬಿಟ್ಟಿರಲಿಲ್ಲ.